ಕಾಮಾಲೆ, ವೈರಸ್ ಮತ್ತು ಮಗುವಿನ ವಯಸ್ಸು

ಮಳೆ ಹಿಡಿಯುವ ಹೊತ್ತಿಗೆ ಮೈಸೂರು, ಮಂಡ್ಯದ ಮಕ್ಕಳ ಡಾಕ್ಟರ ಹತ್ತಿರ ಒಂದು ಮಾತು ಜಾಸ್ತಿ ಕೇಳಿಬರುತ್ತದೆ: "ಕಣ್ಣು ಹಳದಿ ಆಗಿದೆ ಡಾಕ್ಟ್ರೇ." ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಯಾವುದೋ ಮಗುವಿಗೆ ಜಾಂಡೀಸ್ ಅಂತ ಸುದ್ದಿ ಬಂದರೆ ಸಾಕು, ಉಳಿದವರಿಗೆಲ್ಲ ಗಾಬರಿ. ಒಬ್ಬರು ನೆಲನೆಲ್ಲಿ ಅರೆದು ಕುಡಿಸಿ ಅನ್ನುತ್ತಾರೆ. ಇನ್ನೊಬ್ಬರು ಇಂಥ ಊರಿನಲ್ಲಿ ಔಷಧಿ ಕೊಡುತ್ತಾರೆ, ಹೋಗಿಬನ್ನಿ ಅನ್ನುತ್ತಾರೆ. "ಹುಟ್ಟಿದಾಗಲೇ ಹೆಪಟೈಟಿಸ್ ಇಂಜೆಕ್ಷನ್ ಕೊಡಿಸಿದ್ದೀವಿ, ಮತ್ತೆ ಹೇಗೆ ಬಂತು?" ಅಂತ ಕೇಳುವವರೂ ಇದ್ದಾರೆ.

ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಮೊದಲು ಒಂದು ವಿಷಯ ಗೊತ್ತಿರಬೇಕು. ಲಿವರ್‌ಗೆ ತಗುಲಿದ ವೈರಸ್ ಯಾವುದು ಅನ್ನುವುದು ಎಷ್ಟು ಮುಖ್ಯವೋ, ಮಗುವಿಗೆ ಆಗ ಎಷ್ಟು ವಯಸ್ಸು ಅನ್ನುವುದೂ ಅಷ್ಟೇ ಮುಖ್ಯ. ಒಂದು ವೈರಸ್ ಪುಟ್ಟ ಮಗುವಿಗೆ ಏನೂ ಮಾಡದೆ ಹೋಗಿ, ಹದಿನೈದರ ಹುಡುಗನನ್ನು ಹಾಸಿಗೆ ಹಿಡಿಸುತ್ತದೆ. ಇನ್ನೊಂದು ಪೂರಾ ಉಲ್ಟಾ. ದೊಡ್ಡವರಲ್ಲಿ ಕೆಲವು ತಿಂಗಳಲ್ಲಿ ಹೊರಟುಹೋಗುವ ಅದು, ಹಸುಗೂಸಿಗೆ ತಗುಲಿದರೆ ಜೀವನಪೂರ್ತಿ ಉಳಿದುಬಿಡುತ್ತದೆ.

ಹಳದಿ ಬಣ್ಣ ಎಲ್ಲಿಂದ ಬರುತ್ತದೆ

ಲಿವರ್ ಇರುವುದು ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಮರೆಯಲ್ಲಿ. ದೇಹದ ಒಳಗಿನ ಅಂಗಗಳಲ್ಲಿ ಇದೇ ದೊಡ್ಡದು. ಊಟದಿಂದ ಬಂದ ಸಕ್ಕರೆಯನ್ನು ಕೂಡಿಡುವುದು, ನುಂಗಿದ ಔಷಧಿಯನ್ನು ಮುರಿದು ಹೊರಹಾಕುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್ ತಯಾರಿಸುವುದು, ಜಿಡ್ಡು ಜೀರ್ಣವಾಗಲು ಪಿತ್ತರಸ ಕಳಿಸುವುದು, ಎಲ್ಲ ಇದರ ಕೆಲಸ.

ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಇದ್ದು ಒಡೆಯುತ್ತವೆ. ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ಹಿಡಿದು ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ಲಿವರ್ ಕೈಚೆಲ್ಲಿದರೆ ಅಥವಾ ಪಿತ್ತ ಹರಿಯುವ ನಾಳ ಕಟ್ಟಿಕೊಂಡರೆ ಬಿಲಿರುಬಿನ್ ರಕ್ತದಲ್ಲೇ ಉಳಿಯುತ್ತದೆ. ಆಗ ಕಣ್ಣು ಹಳದಿ, ಮೂತ್ರ ಕಡು ಬಣ್ಣ. ಅಂದರೆ ಕಾಮಾಲೆ ಅನ್ನುವುದು ಕಾಯಿಲೆಯ ಗುರುತು ಅಷ್ಟೇ. ಕಾಯಿಲೆ ಯಾವುದು ಅಂತ ಬೇರೆಯೇ ಹುಡುಕಬೇಕು.

ಹುಟ್ಟಿದ ಮೊದಲ ವಾರದಲ್ಲಿ ಬಹಳಷ್ಟು ಕೂಸುಗಳು ಹಳದಿಯಾಗುತ್ತವೆ. ಕೆಲವನ್ನು ಆಸ್ಪತ್ರೆಯಲ್ಲಿ ಒಂದೆರಡು ದಿನ ಲೈಟಿಗೆ ಇಡುತ್ತಾರೆ. ಅದಕ್ಕೂ ವೈರಸ್‌ಗೂ ಸಾಮಾನ್ಯವಾಗಿ ಸಂಬಂಧ ಇಲ್ಲ. ಕೂಸಿನ ಲಿವರ್ ಇನ್ನೂ ಕೆಲಸ ಕಲಿಯುತ್ತಿರುತ್ತದೆ, ಅಷ್ಟೇ.

ಹೆಪಟೈಟಿಸ್ ಅಂದರೆ ಲಿವರ್‌ನ ಉರಿಯೂತ. ಔಷಧಿಯಿಂದಲೂ ಆಗಬಹುದು, ಬೇರೆ ಕಾರಣಗಳಿಂದಲೂ ಆಗಬಹುದು. ಲಿವರ್ ಅನ್ನೇ ಹುಡುಕಿಕೊಂಡು ಹೋಗುವ ಐದು ವೈರಸ್‌ಗಳಿಗೆ ಎ, ಬಿ, ಸಿ, ಡಿ, ಇ ಅಂತ ಹೆಸರಿಟ್ಟಿದ್ದಾರೆ. ಹೆಸರು ಒಂದೇ ಸಾಲಿನಲ್ಲಿದ್ದರೂ ಇವು ಒಂದೇ ಮನೆತನದವಲ್ಲ. ಹಾಗಾಗಿ ಬಿ ಲಸಿಕೆ ಎ ಕಾಯಿಲೆಯನ್ನು ತಡೆಯುವುದಿಲ್ಲ. ಹುಟ್ಟಿದಾಗ ಕೊಡಿಸಿದ್ದು ಬಿ ಲಸಿಕೆ. ಶಾಲೆಯ ಮಕ್ಕಳಲ್ಲಿ ಕಾಣುವ ಕಾಮಾಲೆ ಹೆಚ್ಚಾಗಿ ಎ ಯಿಂದ ಬಂದದ್ದು.

ಲಿವರ್ ಕೆಡಿಸುವುದು ಯಾರು?

ವೈರಸ್ ಲಿವರ್ ಅನ್ನು ತಿಂದುಹಾಕುತ್ತದೆ ಅಂತ ಅಂದುಕೊಳ್ಳುವುದು ಸಹಜ. ಆದರೆ ಎ ಮತ್ತು ಬಿ ವೈರಸ್‌ಗಳು ಲಿವರ್ ಜೀವಕೋಶದ ಒಳಗೆ ಸೇರಿಕೊಂಡು ತಮ್ಮ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆಯೇ ಹೊರತು, ಆ ಜೀವಕೋಶವನ್ನು ತಾವೇ ಕೊಲ್ಲುವುದು ಕಡಿಮೆ. ವೈರಸ್ ಸೇರಿದ ಜೀವಕೋಶಗಳನ್ನು ಗುರುತಿಸಿ ನಾಶ ಮಾಡುವುದು ನಮ್ಮದೇ ದೇಹದ ರಕ್ಷಣಾ ಪಡೆ.

ಮಂಡ್ಯ ಕಡೆ ಕಬ್ಬಿನ ಗದ್ದೆಗೆ ಕಾಡುಹಂದಿ ನುಗ್ಗಿದಾಗ ಏನಾಗುತ್ತದೆ ನೋಡಿ. ಊರವರೆಲ್ಲ ದೊಣ್ಣೆ ಹಿಡಿದು ಗದ್ದೆಗೆ ಇಳಿಯುತ್ತಾರೆ. ಹಂದಿ ಓಡಿಹೋಗುತ್ತದೆ. ಬೆಳಿಗ್ಗೆ ನೋಡಿದರೆ ಹಂದಿ ತಿಂದ ಕಬ್ಬಿಗಿಂತ ಜನ ತುಳಿದ ಕಬ್ಬೇ ಜಾಸ್ತಿ. ಎಷ್ಟು ಜನ ಇಳಿದರೋ ಅಷ್ಟು ತುಳಿತ. ಹೆಪಟೈಟಿಸ್‌ನಲ್ಲಿ ಆಗುವುದೂ ಇದೇ. ಬೆಳೆದ ಮಕ್ಕಳಲ್ಲಿ ರಕ್ಷಣಾ ಪಡೆ ದೊಡ್ಡದು, ಜೋರಾಗಿ ನುಗ್ಗುತ್ತದೆ. ವೈರಸ್ ಹೋಗುತ್ತದೆ, ಲಿವರ್‌ಗೆ ಏಟೂ ಬೀಳುತ್ತದೆ. ಪುಟ್ಟ ಮಕ್ಕಳಲ್ಲಿ ತುಳಿತ ಕಡಿಮೆ. ಹಸುಗೂಸಿನಲ್ಲಿ ಊರವರು ಏಳುವುದೇ ಇಲ್ಲ. ಹಂದಿ ಗದ್ದೆಯಲ್ಲೇ ಸಂಸಾರ ಹೂಡುತ್ತದೆ.

ರಕ್ತ ಪರೀಕ್ಷೆಯ ಚೀಟಿಯಲ್ಲಿ ಎಸ್‌ಜಿಪಿಟಿ ಅಂತ ಒಂದು ಸಾಲು ಇರುತ್ತದಲ್ಲ, ಅದು ಈ ತುಳಿತದ ಲೆಕ್ಕ. ಲಿವರ್ ಜೀವಕೋಶ ಒಡೆದಾಗ ಅದರೊಳಗಿನ ಈ ವಸ್ತು ರಕ್ತಕ್ಕೆ ಸೋರುತ್ತದೆ. ಸಾಮಾನ್ಯವಾಗಿ 40ರ ಆಸುಪಾಸಿನೊಳಗೆ ಇರಬೇಕಾದದ್ದು ಹೆಪಟೈಟಿಸ್ ಎ ಬಂದಾಗ ಸಾವಿರ ದಾಟುವುದುಂಟು. ಈ ಸಂಖ್ಯೆ ನೋಡಿ ಎದೆ ಒಡೆದುಕೊಳ್ಳುವ ಅಗತ್ಯ ಇಲ್ಲ. ಎಷ್ಟು ಜೀವಕೋಶ ಒಡೆದಿದೆ ಅಂತ ಅದು ಹೇಳುತ್ತದೆ, ಉಳಿದ ಲಿವರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಹೇಳುವುದಿಲ್ಲ. ಅದನ್ನು ಹೇಳುವುದು ಪಿಟಿ, ಐಎನ್‌ಆರ್ ಎಂಬ ಇನ್ನೊಂದು ಪರೀಕ್ಷೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಲೆಕ್ಕ ಅದು. ಡಾಕ್ಟರು ಮೊದಲು ನೋಡುವುದೂ ಅದನ್ನೇ. ನೀವೂ ಕೇಳಿ ತಿಳಿದುಕೊಳ್ಳಿ.

ನೀರಿನ ದಾರಿಯಲ್ಲಿ ಬರುವ ಎ

ಹೆಪಟೈಟಿಸ್ ಎ ಸೋಂಕಿತರ ಮಲದಲ್ಲಿ ಹೊರಬಂದು, ನೀರು ಅಥವಾ ಆಹಾರದ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತದೆ. ಕಾವೇರಿ ನೀರು ಶುದ್ಧೀಕರಣ ಘಟಕದಿಂದ ಹೊರಡುವಾಗ ಕ್ಲೋರಿನ್ ಹಾಕಿಸಿಕೊಂಡೇ ಹೊರಡುತ್ತದೆ. ಹಾಗಾದರೆ ಮಲದ ಅಂಶ ಎಲ್ಲಿ ಸೇರುತ್ತದೆ? ನಲ್ಲಿಯಲ್ಲಿ ದಿನಪೂರ್ತಿ ನೀರು ಬರುವುದಿಲ್ಲ, ಅಲ್ವಾ? ನೀರು ನಿಂತಾಗ ಪೈಪಿನ ಒಳಗೆ ಒತ್ತಡ ಇರುವುದಿಲ್ಲ. ಚರಂಡಿಯ ಪಕ್ಕದಲ್ಲೋ ಒಳಚರಂಡಿ ಪೈಪಿನ ಹತ್ತಿರವೋ ಸಣ್ಣ ಬಿರುಕು ಇದ್ದರೆ ಹೊರಗಿನ ಕೊಳಕು ನೀರು ಒಳಗೆ ಜಿನುಗುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡದಲ್ಲಿ ಅದು ಮನೆಗೆ ಬರುತ್ತದೆ. ಮಳೆಗಾಲದಲ್ಲಿ ನೆಲವೆಲ್ಲ ನೆನೆದಿರುವುದರಿಂದ ಇದು ಹೆಚ್ಚು.

ಇನ್ನೊಂದು ಕಡೆ ಮನೆಯ ಸಂಪು. ಚಿಕ್ಕ ಸೈಟಿನಲ್ಲಿ ಸಂಪು ಒಂದು ಮೂಲೆ, ಕಕ್ಕಸಿನ ಗುಂಡಿ ಇನ್ನೊಂದು ಮೂಲೆ, ನಡುವೆ ಹತ್ತಡಿ ಮಣ್ಣು. ಸಂಪಿನ ಗೋಡೆ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ. ನೀರು ತಿಳಿಯಾಗಿಯೇ ಇರುತ್ತದೆ.

ಇನ್ನು ಐಸ್. ತಣ್ಣಗಾದರೆ ಈ ವೈರಸ್ ಸಾಯುವುದಿಲ್ಲ. ರಸ್ತೆ ಬದಿಯ ಕಬ್ಬಿನ ಹಾಲಿನಲ್ಲಿ ಕಬ್ಬು ತಾಜಾ ಇರಬಹುದು, ಆದರೆ ಅದಕ್ಕೆ ಹಾಕಿದ ಐಸ್ ಯಾವ ನೀರಿನದು? ಪಾನಿಪುರಿಯ ಪಾನಿ ಎಲ್ಲಿಯದು? ಮಕ್ಕಳಿಗೆ ಹೊರಗಿನದು ಏನೂ ಬೇಡ ಅಂತ ನಾನು ಹೇಳುತ್ತಿಲ್ಲ. ಬಿಸಿಬಿಸಿ ಬಜ್ಜಿ, ಬೇಯಿಸಿದ ಜೋಳದಿಂದ ಈ ಭಯ ಕಡಿಮೆ. ಭಯ ಇರುವುದು ಕಾಯಿಸದ ನೀರು, ಐಸ್, ತೊಳೆಯದ ಕೈ, ಈ ಮೂರರಲ್ಲಿ. ನೀರು ಕುದಿ ಬಂದರೆ ಎ ವೈರಸ್ ಸಾಯುತ್ತದೆ. ಕೈಗೆ ಸ್ಯಾನಿಟೈಸರ್‌ಗಿಂತ ಸೋಪು, ನೀರು ಒಳ್ಳೆಯದು. ಈ ವೈರಸ್ ಮೇಲೆ ಆಲ್ಕೋಹಾಲ್ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ವೈರಸ್ ಒಳಗೆ ಹೋದ ದಿನದಿಂದ ಲಕ್ಷಣ ಕಾಣಲು 15ರಿಂದ 50 ದಿನ ಬೇಕು. ಸರಾಸರಿ ನಾಲ್ಕು ವಾರ. ಹಾಗಾಗಿ ನಿನ್ನೆ ತಿಂದದ್ದನ್ನು ದೂರಿ ಪ್ರಯೋಜನ ಇಲ್ಲ. ಯುಗಾದಿ ಕಳೆದ ಮೇಲೆ ಜಾತ್ರೆಯಲ್ಲಿ ಕುಡಿದದ್ದರ ಫಲ ಒಂದು ತಿಂಗಳ ಮೇಲೆ ಕಾಣಬಹುದು. ಮೊದಲು ಜ್ವರ, ವಾಕರಿಕೆ, ಹೊಟ್ಟೆನೋವು. ಅನ್ನದ ವಾಸನೆ ಕಂಡರಾಗದು. ಆಮೇಲೆ ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಕಣ್ಣು ಹಳದಿ.

ಈಗ ವಯಸ್ಸಿನ ವಿಷಯಕ್ಕೆ ಬರೋಣ. ಆರು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಎ ವೈರಸ್ ತಗುಲಿದರೂ ಏನೂ ಗೊತ್ತಾಗುವುದಿಲ್ಲ. ದೊಡ್ಡ ಮಕ್ಕಳು ಮತ್ತು ವಯಸ್ಕರಲ್ಲಿ ಬಹುಪಾಲು ಮಂದಿಗೆ ಕಾಮಾಲೆ ಕಾಣುತ್ತದೆ. ಒಮ್ಮೆ ಬಂದುಹೋದರೆ ಸಾಯುವವರೆಗೂ ರಕ್ಷಣೆ. ಹಿಂದಿನ ತಲೆಮಾರಿನವರಿಗೆ ಮೂರು ನಾಲ್ಕನೇ ವಯಸ್ಸಿನಲ್ಲೇ ಗೊತ್ತಿಲ್ಲದೆ ಬಂದುಹೋಗುತ್ತಿತ್ತು. ಈಗ ಮನೆಯಲ್ಲಿ ಫಿಲ್ಟರ್, ಶೌಚಾಲಯ, ಶುದ್ಧ ನೀರಿನ ಘಟಕದ ಕ್ಯಾನು ಎಲ್ಲ ಬಂದಿದೆ. ಒಳ್ಳೆಯದೇ. ಆದರೆ ಚಿಕ್ಕಂದಿನಲ್ಲಿ ವೈರಸ್ ಕಾಣದೆ ಬೆಳೆದ ಹುಡುಗ ಹೈಸ್ಕೂಲಿಗೋ ಹಾಸ್ಟೆಲಿಗೋ ಹೋದಾಗ ಮೊದಲ ಸಲ ಅದನ್ನು ಎದುರಿಸುತ್ತಾನೆ. ಆಗ ಕಾಯಿಲೆ ಜೋರಾಗಿಯೇ ಬರುತ್ತದೆ. "ನಮ್ಮ ಕಾಲದಲ್ಲಿ ಕೆರೆ ನೀರು ಕುಡಿದರೂ ಏನೂ ಆಗುತ್ತಿರಲಿಲ್ಲ" ಅಂತ ಅಜ್ಜಂದಿರು ಹೇಳುವುದರಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಏನೆಂದರೆ, ಆ ನೀರಿನಿಂದಲೇ ವಾಂತಿಭೇದಿ ಬಂದು ಎಷ್ಟೋ ಮಕ್ಕಳು ತೀರಿಕೊಳ್ಳುತ್ತಿದ್ದವು. ಹಿಂದಕ್ಕೆ ಹೋಗುವುದು ಪರಿಹಾರ ಅಲ್ಲ. ಲಸಿಕೆ ಇದೆ.

ಇ ವೈರಸ್ ಕೂಡ ನೀರಿನಲ್ಲೇ ಬರುತ್ತದೆ. ದೆಹಲಿಯಲ್ಲಿ 1955-56ರಲ್ಲಿ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಮಂದಿಗೆ ಕಾಮಾಲೆ ಬಂತು. ಅದು ಇ ಅಂತ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಮಕ್ಕಳಿಗಿಂತ ಇದು ಬಸುರಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ಬಹಳ ಅಪಾಯ.

ನಾಟಿ ಔಷಧಿ, ಪಥ್ಯ, ಮತ್ತು ಎಚ್ಚರದ ಗುರುತುಗಳು

ಎ ವೈರಸ್‌ಗೆ ನೇರ ಔಷಧಿ ಇಲ್ಲ. ಬೇಕಾಗಿಯೂ ಇಲ್ಲ. ನೂರಕ್ಕೆ 99ಕ್ಕೂ ಹೆಚ್ಚು ಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಲಿವರ್ ಮತ್ತೆ ಬೆಳೆದುಕೊಳ್ಳುವ ಅಂಗ. ಕಾಮಾಲೆಗೆ ಸೊಪ್ಪಿನ ರಸ ಕುಡಿದು ವಾಸಿಯಾಯಿತು ಅನ್ನುವ ಮಾತು ಊರೂರಿನಲ್ಲಿ ಕೇಳಲು ಕಾರಣ ಇದೇ. ರಸ ಕುಡಿಯದೇ ಇದ್ದಿದ್ದರೂ ವಾಸಿಯಾಗುತ್ತಿತ್ತು. ತೊಂದರೆ ಆಗುವುದು ಉಳಿದ ಒಬ್ಬರ ವಿಷಯದಲ್ಲಿ. ಲಿವರ್ ಪೂರಾ ಸೋಲುತ್ತಿರುವ ಮಗುವನ್ನು ಔಷಧಿ ಕೊಡುವವರ ಮನೆ ಮುಂದೆ ಕೂರಿಸಿಕೊಂಡು ಕಳೆದ ಮೂರು ದಿನ ಮತ್ತೆ ಸಿಗುವುದಿಲ್ಲ. ಕೈಗೆ ಬರೆ ಹಾಕಿಸುವುದಂತೂ ಮಗುವಿಗೆ ಸುಮ್ನೆ ಕೊಡುವ ಹಿಂಸೆ. ಕಣ್ಣಿಗೆ, ಮೂಗಿಗೆ ರಸ ಹಿಂಡುವುದೂ ಬೇಡ.

ಪಥ್ಯದ ಹೆಸರಿನಲ್ಲಿ ಉಪ್ಪು, ಎಣ್ಣೆ, ಬೇಳೆ ಎಲ್ಲ ಬಿಡಿಸಿ ಬರೀ ಗಂಜಿ, ಮಜ್ಜಿಗೆಯಲ್ಲಿ ಇಡುತ್ತಾರೆ. ಅರಿಶಿನ ಹಾಕಿದ ಸಾರು ಕೊಟ್ಟರೆ ಹಳದಿ ಏರುತ್ತದೆ ಅನ್ನುವವರಿದ್ದಾರೆ. ಅರಿಶಿನಕ್ಕೂ ಬಿಲಿರುಬಿನ್‌ಗೂ ಸಂಬಂಧವೇ ಇಲ್ಲ. ಲಿವರ್ ರಿಪೇರಿಗೆ ಅನ್ನವೂ ಬೇಕು, ಬೇಳೆಯೂ ಬೇಕು. ಮಗುವಿಗೆ ಏನು ಸೇರುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವುದಾದರೆ ಡಾಕ್ಟರನ್ನು ಕೇಳಿಯೇ ಕೊಡಿ. ಅದನ್ನು ಮುರಿಯಬೇಕಾದ್ದು ಇದೇ ಲಿವರ್.

ಆಸ್ಪತ್ರೆಗೆ ಓಡಬೇಕಾದ ಗುರುತುಗಳು ಬೇರೆ. ಮಗು ಹಗಲೆಲ್ಲ ಮಂಪರಿನಲ್ಲಿದ್ದು ರಾತ್ರಿ ಎದ್ದು ಕೂರುತ್ತಿದೆ. ಮಾತು ತೊದಲುತ್ತಿದೆ, ಸುಮ್ಮಸುಮ್ಮನೆ ರೇಗುತ್ತಿದೆ. ಮೂಗು ಅಥವಾ ವಸಡಿನಲ್ಲಿ ರಕ್ತ, ಕಾರಣ ಇಲ್ಲದೆ ಮೈಮೇಲೆ ನೀಲಿ ಕಲೆ. ವಾಂತಿ ನಿಲ್ಲುತ್ತಿಲ್ಲ. ಹೊಟ್ಟೆ ಊದುತ್ತಿದೆ. ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿರಲಿ ಹೊರಡಿ.

ಹೆರಿಗೆ ಹೊತ್ತಿನಲ್ಲಿ ದಾಟುವ ಬಿ

ಬಿ ವೈರಸ್ ನೀರಿನಲ್ಲಿ ಬರುವುದಿಲ್ಲ. ರಕ್ತ ಮತ್ತು ದೇಹದ ದ್ರವಗಳ ಮೂಲಕ ಬರುತ್ತದೆ. ಮಕ್ಕಳಿಗೆ ಮುಖ್ಯವಾಗಿ ಬರುವುದು ತಾಯಿಯಿಂದ, ಹೆರಿಗೆಯ ಹೊತ್ತಿನಲ್ಲಿ. ಇಲ್ಲಿ ವಯಸ್ಸಿನ ಲೆಕ್ಕ ತಿರುಗುಮುರುಗು. ಹುಟ್ಟುವಾಗ ಸೋಂಕು ತಗುಲಿದ ನೂರು ಕೂಸುಗಳಲ್ಲಿ ಸುಮಾರು 90ರಲ್ಲಿ ವೈರಸ್ ಶಾಶ್ವತವಾಗಿ ಉಳಿಯುತ್ತದೆ. ವಯಸ್ಕರಲ್ಲಿ ಹಾಗೆ ಉಳಿಯುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಕೂಸಿನ ರಕ್ಷಣಾ ಪಡೆ ಇದನ್ನು ಪರಕೀಯ ಅಂತ ಗುರುತಿಸದೆ ಬಿಟ್ಟುಬಿಡುತ್ತದೆ.

ಇದರಲ್ಲಿ ಮೋಸ ಎಲ್ಲಿದೆ ಅಂದರೆ, ಮಗು ಹಳದಿಯಾಗುವುದೇ ಇಲ್ಲ. ಚೆನ್ನಾಗಿ ಊಟ ಮಾಡುತ್ತದೆ, ಶಾಲೆಗೆ ಹೋಗುತ್ತದೆ, ಆಡುತ್ತದೆ. ಮೂವತ್ತು ನಲವತ್ತು ವರ್ಷವಾದ ಮೇಲೆ ಕೆಲವರಲ್ಲಿ ಲಿವರ್ ಗಟ್ಟಿಯಾಗಿ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗುತ್ತದೆ. ಕುಡಿತದ ಚಟವೇ ಇಲ್ಲದವರಿಗೆ ಸಿರೋಸಿಸ್ ಹೇಗೆ ಬಂತು ಅಂತ ಜನ ಆಶ್ಚರ್ಯಪಡುತ್ತಾರೆ. ಅಂಥ ಕೆಲವರಿಗೆ ಅದು ಹುಟ್ಟಿದ ದಿನವೇ ಅಂಟಿದ್ದು.

ತಡೆಯುವುದು ಮಾತ್ರ ಸುಲಭ. ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸ್ ಲಸಿಕೆ. ಆಮೇಲೆ 6, 10, 14ನೇ ವಾರದಲ್ಲಿ ಕೊಡುವ ಪೆಂಟಾವೇಲೆಂಟ್ ಇಂಜೆಕ್ಷನ್ನಿನಲ್ಲಿ ಬಿ ಲಸಿಕೆಯೂ ಸೇರಿದೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿರಲಿ, ಮಂಡ್ಯದ ಮಿಮ್ಸ್‌ನಲ್ಲಿರಲಿ, ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಇದು ಉಚಿತ. ಸೋಂಕು ಆಗಲೇ ತಗುಲಿದ್ದರೆ ಲಸಿಕೆಯಿಂದ ಏನು ಪ್ರಯೋಜನ ಅಂತ ಅನುಮಾನ ಬರಬಹುದು. ಬಿ ವೈರಸ್ ಲಿವರ್‌ನಲ್ಲಿ ನೆಲೆಯೂರಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಮೊದಲ ದಿನವೇ ಲಸಿಕೆ ಸಿಕ್ಕರೆ ಅದಕ್ಕಿಂತ ಮುಂಚೆ ರಕ್ಷಣೆ ತಯಾರಾಗುತ್ತದೆ. ಇದಕ್ಕಾಗಿಯೇ ಮೊದಲ ದಿನದ ಮೇಲೆ ಅಷ್ಟು ಒತ್ತು. "ನಾಮಕರಣ ಆಗಲಿ, ಆಮೇಲೆ ಕೊಡಿಸೋಣ" ಅಂತ ಮುಂದೂಡಿದರೆ ಇದರ ಮುಖ್ಯ ಉಪಯೋಗವೇ ತಪ್ಪಿಹೋಗುತ್ತದೆ.

ಬಸುರಿಯರಿಗೆ ಬಿ ವೈರಸ್ ಇದೆಯಾ ಅಂತ ನೋಡಲು ಎಚ್‌ಬಿಎಸ್‌ಎಜಿ ಎಂಬ ರಕ್ತ ಪರೀಕ್ಷೆ ಮಾಡುತ್ತಾರೆ. ತಾಯಿ ಕಾರ್ಡ್ ತೆಗೆದು ಆ ಫಲಿತಾಂಶ ಬರೆದಿದೆಯಾ ಅಂತ ಒಮ್ಮೆ ನೋಡಿ. ಸೋಂಕು ಇದೆ ಅಂತ ಬಂದರೆ ತಾಯಿಗೆ ಕೊನೆಯ ತಿಂಗಳುಗಳಲ್ಲಿ ಮಾತ್ರೆ ಬೇಕಾಗಬಹುದು. ಕೂಸಿಗೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಎಂಬ, ಸಿದ್ಧ ರಕ್ಷಣೆ ಕೊಡುವ ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ಇವೆರಡೂ ಸಿಕ್ಕ ಕೂಸಿಗೆ ಎದೆಹಾಲು ಕೊಡಲು ಅಡ್ಡಿ ಇಲ್ಲ. ಸೋಂಕು ಇರುವ ತಾಯಿಯನ್ನು ಮನೆಯವರು ಬೇರೆ ತಟ್ಟೆ ಲೋಟ ಇಟ್ಟು ದೂರ ಕೂರಿಸುವುದಕ್ಕೂ ಅರ್ಥ ಇಲ್ಲ. ಒಟ್ಟಿಗೆ ಉಂಡರೆ ಇದು ಹರಡುವುದಿಲ್ಲ. ಆಕೆಗೂ ಅದು ತನ್ನ ತಾಯಿಯಿಂದಲೇ ಬಂದಿರಬಹುದು.

ಲಸಿಕೆಯ ಫಲ ಎಷ್ಟು ದೊಡ್ಡದು ಅನ್ನುವುದಕ್ಕೆ ತೈವಾನ್ ಸಾಕ್ಷಿ. ಅಲ್ಲಿ 1984ರಲ್ಲಿ ಕೂಸುಗಳಿಗೆ ಬಿ ಲಸಿಕೆ ಶುರುಮಾಡಿದ ಮೇಲೆ ಮಕ್ಕಳ ಲಿವರ್ ಕ್ಯಾನ್ಸರ್ ಇಳಿದುಹೋಯಿತು.

ಸಿ ವೈರಸ್ ಕೂಡ ತಾಯಿಯಿಂದ ಬರಬಹುದು, ಆದರೆ ನೂರಕ್ಕೆ ಐದಾರು ಮಕ್ಕಳಿಗೆ ಮಾತ್ರ. ಲಸಿಕೆ ಇಲ್ಲ. ಆದರೆ ಈಗ ಮೂರು ವರ್ಷ ತುಂಬಿದ ಮಕ್ಕಳಿಗೂ ಕೊಡಬಹುದಾದ, ಪೂರ್ತಿ ವಾಸಿ ಮಾಡುವ ಔಷಧಿ ಇದೆ. ಕೇಂದ್ರ ಸರ್ಕಾರ 2018ರಲ್ಲಿ ಶುರುಮಾಡಿದ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಚಿಕಿತ್ಸೆ ಉಚಿತ. ಡಿ ವೈರಸ್ ಬಿ ಇದ್ದವರಿಗಷ್ಟೇ ತಗುಲುತ್ತದೆ.

ಎರಡು ವಾರ ದಾಟಿದ ಹಳದಿ, ಸುಣ್ಣದ ಬಣ್ಣದ ಮಲ

ಇದನ್ನು ಹೊಸ ತಾಯಂದಿರು, ಬಾಣಂತನ ಮಾಡುವ ಅಜ್ಜಿಯರು ದಯವಿಟ್ಟು ಓದಬೇಕು. ಹುಟ್ಟಿದ ಕೂಸಿನ ಹಳದಿ ಎರಡು ವಾರದಲ್ಲಿ ಇಳಿಯಬೇಕು. ಇಳಿಯದಿದ್ದರೆ ಬೆಳಗಿನ ಬಿಸಿಲಿಗೆ ಹಿಡಿಯುತ್ತಾ ಕೂರದೆ ರಕ್ತದಲ್ಲಿ ಡೈರೆಕ್ಟ್ ಬಿಲಿರುಬಿನ್ (ಪಿತ್ತರಸದ ಜೊತೆ ಹೊರಹೋಗದೆ ರಕ್ತಕ್ಕೆ ಮರಳಿದ ಬಿಲಿರುಬಿನ್) ಎಷ್ಟಿದೆ ಅಂತ ನೋಡಿಸಬೇಕು. ಮನೆಯಲ್ಲೇ ನೋಡಬಹುದಾದದ್ದು ಎರಡು. ಕೂಸಿನ ಮೂತ್ರ ನೀರಿನ ಹಾಗೆ ಇರಬೇಕು, ಲಂಗೋಟಿಗೆ ಹಳದಿ ಕಲೆ ಹಿಡಿಯಬಾರದು. ಮಲ ಸಾಸಿವೆಯ ಹಳದಿಯೋ ಹಸಿರೋ ಇರಬೇಕು. ಸುಣ್ಣದ ಹಾಗೆ, ಮಾಸಲು ಬಿಳಿ ಇದ್ದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ ಅಂತ. ರಾತ್ರಿ ಬಲ್ಬಿನ ಬೆಳಕಿನಲ್ಲಿ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಹಗಲಿನಲ್ಲಿ ನೋಡಿ, ಫೋಟೋ ತೆಗೆದುಕೊಂಡು ಡಾಕ್ಟರಿಗೆ ತೋರಿಸಿ.

ಹೀಗಾಗುವ ಮುಖ್ಯ ಕಾಯಿಲೆಗೆ ಬಿಲಿಯರಿ ಅಟ್ರೇಸಿಯಾ ಅನ್ನುತ್ತಾರೆ. ಲಿವರ್‌ನಿಂದ ಕರುಳಿಗೆ ಹೋಗುವ ಪಿತ್ತನಾಳ ಗಾಯಗೊಂಡು ಮುಚ್ಚಿಹೋಗುವುದು. ಅಪರೂಪದ ಕಾಯಿಲೆ, ಆದರೆ ಜಗತ್ತಿನಲ್ಲಿ ಮಕ್ಕಳಿಗೆ ಲಿವರ್ ಕಸಿ ಮಾಡಬೇಕಾಗಿ ಬರುವುದು ಎಲ್ಲಕ್ಕಿಂತ ಹೆಚ್ಚಾಗಿ ಇದಕ್ಕೇ. ಜಪಾನಿನ ಸರ್ಜನ್ ಮೊರಿಯೊ ಕಸಾಯಿ 1950ರ ದಶಕದಲ್ಲಿ ಇದಕ್ಕೊಂದು ಆಪರೇಷನ್ ಕಂಡುಹಿಡಿದರು. ಮುಚ್ಚಿದ ನಾಳ ತೆಗೆದು, ಕರುಳಿನ ಒಂದು ತುಂಡನ್ನೇ ಲಿವರ್‌ಗೆ ಜೋಡಿಸುವುದು. ಹುಟ್ಟಿ 60 ದಿನದೊಳಗೆ ಮಾಡಿದರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಕಡಿಮೆ.

ಇಲ್ಲಿ ವೈರಸ್‌ನ ಪಾತ್ರ ಏನು? ಬಲವಾದ ಅನುಮಾನ ಇದೆ, ತೀರ್ಮಾನ ಆಗಿಲ್ಲ. ಕೋತಿಗಳ ಒಂದು ರೋಟಾವೈರಸ್ಸನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಗೆ ಕೊಟ್ಟಾಗ ಅವುಗಳ ಪಿತ್ತನಾಳ ಇದೇ ರೀತಿ ಮುಚ್ಚಿಕೊಂಡಿತು. ಸ್ವಲ್ಪ ದೊಡ್ಡದಾದ ಮರಿಗಳಿಗೆ ಕೊಟ್ಟರೆ ಹಾಗಾಗಲಿಲ್ಲ. ಅಲ್ಲೂ ವಯಸ್ಸೇ! ಈ ಕಾಯಿಲೆ ಇರುವ ಕೆಲವು ಕೂಸುಗಳಲ್ಲಿ ಸೈಟೊಮೆಗಾಲೋವೈರಸ್‌ನ ಗುರುತು ಸಿಕ್ಕಿದೆ. ಹುಟ್ಟಿನ ಆಸುಪಾಸಿನಲ್ಲಿ ಬಂದ ವೈರಸ್ ಕಿಡಿ ಹೊತ್ತಿಸಿ ಹೋಗುತ್ತದೆ, ಆಮೇಲೆ ದೇಹದ ರಕ್ಷಣಾ ಪಡೆಯೇ ನಾಳವನ್ನು ಹಾಳುಮಾಡುತ್ತದೆ ಅನ್ನುವುದು ಒಂದು ವಾದ.

ಎಲ್ಲದಕ್ಕೂ ವೈರಸ್ ಕಾರಣ ಅಲ್ಲ

ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಒಂದೆರಡು ವರ್ಷದ ಮಕ್ಕಳನ್ನು ಕೊಲ್ಲುತ್ತಿದ್ದ ಲಿವರ್ ಕಾಯಿಲೆ ಇತ್ತು. ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್ ಅಂತಲೇ ಅದಕ್ಕೆ ಹೆಸರು. ಕೊನೆಗೆ ಬೆರಳು ತೋರಿದ್ದು ಹಿತ್ತಾಳೆ, ತಾಮ್ರದ ಪಾತ್ರೆಗಳ ಕಡೆಗೆ. ಕಲಾಯಿ ಹೋದ ಪಾತ್ರೆಯಲ್ಲಿ ಹಾಲು ಕಾಯಿಸಿ ಇಟ್ಟರೆ ತಾಮ್ರ ಹಾಲಿಗೆ ಇಳಿಯುತ್ತದೆ. ಅಂಥ ಹಾಲು ಕುಡಿದ ಎಳೆಯ ಲಿವರ್‌ನಲ್ಲಿ ತಾಮ್ರ ತುಂಬಿಕೊಳ್ಳುತ್ತಿತ್ತು. ಸ್ಟೀಲ್ ಪಾತ್ರೆ ಬಂದ ಮೇಲೆ ಆ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಹಳೆಯದೇ ಒಳ್ಳೆಯದು ಅಂತ ಈಗ ಮತ್ತೆ ಹಿತ್ತಾಳೆ ಪಾತ್ರೆ ಕೊಳ್ಳುವವರು ಕೂಸಿನ ಹಾಲಿಗೆ ಮಾತ್ರ ಅದನ್ನು ಬಳಸಬೇಡಿ.

ಹುಟ್ಟಿನಿಂದಲೇ ದೇಹ ತಾಮ್ರವನ್ನು ಹೊರಹಾಕಲಾಗದ ವಿಲ್ಸನ್ ಕಾಯಿಲೆ ಶುರುವಿನಲ್ಲಿ ಥೇಟ್ ವೈರಲ್ ಕಾಮಾಲೆಯ ಹಾಗೇ ಕಾಣಬಹುದು. ಬೇಗ ಗೊತ್ತಾದರೆ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ. ಎ, ಇ ಪರೀಕ್ಷೆಗಳಲ್ಲಿ ಏನೂ ಸಿಗದಿದ್ದರೆ, ಕಾಮಾಲೆ ತಿಂಗಳುಗಟ್ಟಲೆ ಇಳಿಯದಿದ್ದರೆ ಅಥವಾ ಪದೇ ಪದೇ ಬಂದರೆ ಇದನ್ನು ಹುಡುಕಲೇಬೇಕು. ನಮ್ಮ ಕಡೆ ಮಳೆಗಾಲದ ಡೆಂಗಿಯೂ ಲಿವರ್‌ಗೆ ಏಟು ಕೊಡುತ್ತದೆ. ಗದ್ದೆ ನೀರಿನಲ್ಲಿ ಕಾಲಿಟ್ಟು ಬರುವ ಇಲಿ ಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ಅದು ಬ್ಯಾಕ್ಟೀರಿಯಾದಿಂದ ಬರುವುದು, ಅದಕ್ಕೆ ಔಷಧಿ ಇದೆ. ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದ ಮಗುವಿಗೆ ಆಸ್ಪಿರಿನ್ ಕೊಡಬಾರದು. ಅಪರೂಪಕ್ಕೆ ಲಿವರ್, ಮೆದುಳು ಎರಡನ್ನೂ ಕೆಡಿಸುವ ರೈ ಸಿಂಡ್ರೋಮ್ ಬರುತ್ತದೆ.

ಗೊತ್ತಿರುವ ವೈರಸ್‌ಗಳ ಪಟ್ಟಿ ಮುಗಿದಿದೆ ಅಂತಲೂ ಅಲ್ಲ. 2022ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡ್‌ನಿಂದ ಒಂದು ಸುದ್ದಿ ಬಂತು. ಆರೋಗ್ಯವಾಗಿದ್ದ ಪುಟ್ಟ ಮಕ್ಕಳಿಗೆ ಜೋರು ಹೆಪಟೈಟಿಸ್, ಎ ಯಿಂದ ಇ ವರೆಗೆ ಯಾವುದೂ ಇಲ್ಲ. ಜುಲೈ ಹೊತ್ತಿಗೆ 35 ದೇಶಗಳಿಂದ ಸಾವಿರಕ್ಕೂ ಹೆಚ್ಚು ಮಕ್ಕಳ ವರದಿ ವಿಶ್ವ ಆರೋಗ್ಯ ಸಂಸ್ಥೆಗೆ ಹೋಯಿತು. ಮರುವರ್ಷ ವಿಜ್ಞಾನಿಗಳು ಎಎವಿ-2 ಎಂಬ ವೈರಸ್ ಕಡೆ ಕೈ ತೋರಿಸಿದರು. ಅದು ತಾನೊಂದೇ ಬೆಳೆಯಲಾರದು, ನೆಗಡಿ ತರುವ ಅಡಿನೋವೈರಸ್‌ನಂಥ ಇನ್ನೊಂದರ ಆಸರೆ ಬೇಕು. ಕೊರೋನಾ ಕಾಲದಲ್ಲಿ ಮನೆಯೊಳಗೇ ಬೆಳೆದ ಮಕ್ಕಳಿಗೆ ಈ ಎರಡೂ ತಡವಾಗಿ, ಒಟ್ಟಿಗೆ ಸಿಕ್ಕಿರಬಹುದು ಅನ್ನುವುದು ಒಂದು ವಿವರಣೆ.

ಮನೆಯಲ್ಲಿ ಒಬ್ಬರಿಗೆ ಬಂದಾಗ

ಹೆಪಟೈಟಿಸ್ ಎ ಹೆಚ್ಚು ಹರಡುವುದು ಕಣ್ಣು ಹಳದಿಯಾಗುವ ಮುಂಚಿನ ಎರಡು ವಾರದಲ್ಲಿ. ಹಳದಿ ಕಂಡು ಒಂದು ವಾರ ಕಳೆದರೆ ಹರಡುವುದು ಬಹಳ ಕಡಿಮೆ. ಆ ಒಂದು ವಾರ ಶಾಲೆ ಬೇಡ. ಕಕ್ಕಸಿಗೆ ಹೋಗಿಬಂದ ಮೇಲೆ, ಅಡುಗೆಗೆ ಮುಂಚೆ ಎಲ್ಲರೂ ಸೋಪಿನಲ್ಲಿ ಕೈ ತೊಳೆಯಬೇಕು. ನೀರು ಕುದಿಸಿ ಆರಿಸಿ ಕುಡಿಯಬೇಕು. ಸಂಪು ಖಾಲಿ ಮಾಡಿಸಿ ಗೋಡೆ ನೋಡಿಸಿ. ಬೀದಿಯಲ್ಲಿ ಎರಡು ಮೂರು ಮನೆಗೆ ಬಂದಿದ್ದರೆ ವಾರ್ಡಿನ ಆಶಾ ಕಾರ್ಯಕರ್ತೆಗೆ ಅಥವಾ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ನೀರಿನ ಸ್ಯಾಂಪಲ್ ತೆಗೆಸಲು ಅದೇ ದಾರಿ.

ಎ ಲಸಿಕೆ ಒಂದು ವರ್ಷ ತುಂಬಿದ ಮಕ್ಕಳಿಗೆ ಕೊಡಬಹುದು. ಒಂದು ಬಗೆಯದು ಒಂದೇ ಡೋಸ್, ಇನ್ನೊಂದು ಆರು ತಿಂಗಳ ಅಂತರದಲ್ಲಿ ಎರಡು. ಮಕ್ಕಳ ತಜ್ಞರ ಸಂಘ ಶಿಫಾರಸು ಮಾಡಿದ್ದರೂ ರಾಷ್ಟ್ರೀಯ ಉಚಿತ ಲಸಿಕಾ ಪಟ್ಟಿಯಲ್ಲಿ ಇದು ಇಲ್ಲ, ದುಡ್ಡು ಕೊಟ್ಟೇ ಹಾಕಿಸಬೇಕು. ಅದು ಎಲ್ಲರ ಕೈಗೆ ಎಟುಕುವುದಿಲ್ಲ ಅನ್ನುವ ಬೇಸರ ನನಗಿದೆ. ಆದರೂ ಮನೆಯಲ್ಲಿ ಒಂದು ಮಗುವಿಗೆ ಎ ಅಂತ ಖಚಿತವಾದರೆ ಅಣ್ಣ ತಂಗಿಯರ ಬಗ್ಗೆ ಅವತ್ತೇ ಡಾಕ್ಟರನ್ನು ಕೇಳಿ. ಸೋಂಕು ತಗುಲುವ ಸಂದರ್ಭ ಬಂದ 14 ದಿನದೊಳಗೆ ಲಸಿಕೆ ಹಾಕಿಸಿದರೆ ಅವರಿಗೆ ಕಾಯಿಲೆ ಬರದಂತೆ ತಡೆಯುವ ಸಾಧ್ಯತೆ ಚೆನ್ನಾಗಿಯೇ ಇದೆ.